ಬೆಳ್ಳಿಯಕ್ಕನ ಮೂರನೆಯ ಟಕ್

"ಆನ್‌ಲೈನ್ ಇಪ್ಪ ಜನ ಕಾಣೆ ಆಪುದ್ ಹ್ಯಾಂಗೆ ಪ್ರಫುಲ್ಲಕ್ಕ? ನೀವೇ ಹೇಳಿ ಕಾಂಬ."

ಹೆಡ್ ಕಾನ್‌ಸ್ಟೇಬಲ್ ಅಣ್ಣಯ್ಯ ತನ್ನ ಮೊಬೈಲನ್ನು ಮಂಗಳಾರತಿ ತಟ್ಟೆಯ ಹಾಗೆ ಅವಳ ಮೂಗಿನ ಮುಂದೆ ಹಿಡಿದ. ಪರದೆಯ ಮೇಲೆ ಕೀರ್ತನನ ಫೋಟೊ. ಫೋಟೊದ ಮೂಲೆಯಲ್ಲಿ ಹಸಿರು ಚುಕ್ಕೆ.

"ಹಸ್ರ್ ಇತ್ತಲೆ?"

"ಇತ್ತ್."

"ಮತ್ತೆಂತ?"

"ಅಣ್ಣಯ್ಯ, ಅದ್ ಚುಕ್ಕಿ. ಹೈದ ಅಲ್ಲ."

ಕಳೆದ ನಲವತ್ತು ನಿಮಿಷಗಳಲ್ಲಿ ಈ ಮಾತನ್ನು ಪ್ರಫುಲ್ಲಾ ಆರು ಬಗೆಯಲ್ಲಿ ಹೇಳಿ ನೋಡಿದ್ದಳು. ಬೀಜಾಡಿಯ ಕೀರ್ತನ್ 'ಒಂದ್ ಗಂಟಿಯಲ್ ಬತ್ತೆ' ಎಂದು ಮನೆಬಿಟ್ಟು ಇಂದಿಗೆ ಒಂಬತ್ತು ದಿನ. ಈ ಒಂಬತ್ತು ದಿನಗಳಲ್ಲಿ ಆರು ಲಕ್ಷ ಜನ ಅವನನ್ನು ಕೇಳಿದ್ದರು; ಕಂಡವರು ಒಬ್ಬರೂ ಇರಲಿಲ್ಲ. ಫಾಲೋವರ್ಸ್ ಅಷ್ಟೊಂದು, ಫಾಲೋ ಮಾಡಿ ಹುಡುಕಲು ಅವನ ತಾಯಿ ಪ್ರಭಾವತಿಗೆ ಸಿಕ್ಕಿದ್ದು ಅರವತ್ತೈದು ವರ್ಷದ, ಮಂಡಿನೋವಿನ ತಾನೊಬ್ಬಳೇ ಎಂಬುದು ಅವಳ ತಲೆ ಕೆಡಿಸಿತ್ತು.

ಕೇಳಿದ್ದು ಕೀರ್ತನನ ದನಿಯನ್ನೂ ಅಲ್ಲ. ಬೆಳ್ಳಿಯಕ್ಕನ ದನಿಯನ್ನು.

ಬೆಳ್ಳಿಯಕ್ಕ ಯಾರೆಂದು ಗೊತ್ತಿಲ್ಲದವರು ಈ ತಾಲೂಕಿನಲ್ಲಿ ಮೊಬೈಲ್ ಇಲ್ಲದವರು ಮಾತ್ರ, ಅಂದರೆ ಹಸುಗೂಸುಗಳು. ಕೀರ್ತನ್ ಮಿಮಿಕ್ರಿಯಲ್ಲಿ ಹುಟ್ಟಿಸಿದ ಮುದುಕಿ ಅವಳು. ಕುಟುಂಬದ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಗ್ರೂಪಿನಲ್ಲಿ ಅಡ್ಮಿನ್, ಮನೆಯಲ್ಲಿ ಮಾತಿಗೊಬ್ಬ ಆದ್ಮಿಯೇ ಇಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಒಂದು ವಾಯ್ಸ್ ನೋಟ್ ಬಿಡುತ್ತಾಳೆ. ಮೊದಲು ಫೋನಿನ ಮೇಲೆ ಎರಡು ಸಲ ಬೆರಳು ಕುಟ್ಟುವ ಸದ್ದು, ಟಕ್ ಟಕ್. ಆಮೇಲೆ ಬೈಗುಳದ ಸುಪ್ರಭಾತ:

'ಕೇಂತಾ ಇತ್ತಾ? ಗುಡ್ ಮಾರ್ನಿಂಗ್ ಹಾಕಿ ಇಪ್ಪತ್ ಮಿನಿಟ್ ಆಯ್ತ್. ನೀಲಿ ಗೀಟ್ ಬಂದಿತ್ತ್, ಉತ್ತರ ಬಂದಿಲ್ಲೆ. ಓದಿ ಸುಮ್ನೆ ಕೂಕಂಡವ್ರ್ ಯಾರ್ ಅಂದೇಳಿ ನಂಗ್ ಗೊತ್ತಿತ್ತ್. ಈ ಸಲ ಅವ್ರಿಗೆ ಉಪ್ಪಿನ್ಕಾಯಿ ಇಲ್ಲೆ.'

ಮುಂಬಯಿಯ ಹೋಟೆಲ್ ಗಲ್ಲಾದಿಂದ ದುಬೈಯ ಲೇಬರ್ ಕ್ಯಾಂಪಿನವರೆಗೆ ಎಲ್ಲರೂ ಇದು ತಮ್ಮ ಮನೆಯ ದೊಡ್ಡಮ್ಮನೇ ಎಂದು ನಂಬಿದ್ದರು. ಕೋಟೇಶ್ವರದಲ್ಲೇ ಮೂವರು ಹೆಂಗಸರು, ಬೆಳ್ಳಿಯಕ್ಕ ತಮ್ಮನ್ನೇ ಕಂಡು ಮಾಡಿದ್ದು ಎಂದು ಪರಸ್ಪರ ಮಾತು ಬಿಟ್ಟಿದ್ದರು. ನಿಜಕ್ಕೂ ಯಾರನ್ನು ಕಂಡು ಮಾಡಿದ್ದು ಎಂದು ಕೀರ್ತನ್ ಯಾರಿಗೂ ಹೇಳಿರಲಿಲ್ಲ.

ಪ್ರಫುಲ್ಲಾಳಿಗೆ ಮಾತ್ರ ಬೆಳ್ಳಿಯಕ್ಕನ ಆ ಟಕ್ ಟಕ್ ಮೊದಲ ದಿನದಿಂದಲೂ ಹಲ್ಲಿನ ಸಂದಿಯ ಮೀನಿನ ಮುಳ್ಳು. ಎಲ್ಲೋ ಕೇಳಿದ್ದು. ಎಲ್ಲಿ ಎಂದು ಹೊಳೆಯದು. ಇತ್ತೀಚಿನ ಮೂರು ನೋಟುಗಳಲ್ಲಂತೂ ಟಕ್ ಟಕ್ ಟಕ್ ಎಂದು ಮೂರು ಸಲ ಕುಟ್ಟಿದ್ದರಿಂದ ಮುಳ್ಳು ಇನ್ನಷ್ಟು ಒಳಗೆ ಹೋಗಿತ್ತು.

"ನಾನ್ ಹೇಳ್ತೆ ಕೇಣಿ," ಎಂದು ಪಕ್ಕದ ಕುರ್ಚಿಯಿಂದ ಪ್ರಖ್ಯಾತ್ ಬಾಯಿ ಹಾಕಿದ. ಕೀರ್ತನನ ಮ್ಯಾನೇಜರು. ಸಿದ್ದಾಪುರದ ಕಡೆಯವನು. ಸೆಕೆಯಲ್ಲೂ ತಲೆಗೆ ಟೊಪ್ಪಿ. "ಕೀರ್ತನ ಕ್ರಿಯೇಟಿವ್ ಬ್ರೇಕಲ್ಲಿದ್ದ ಅಷ್ಟೆ. ಎಂಗೇಜ್‌ಮೆಂಟ್ ಸಕತ್ ಇತ್ತ್."

"ಯಾರ್ ಸಂಗ್ತಿ?" ಎಂದ ಅಣ್ಣಯ್ಯ ಆಸಕ್ತಿಯಿಂದ.

"ಮದಿ ಎಂಗೇಜ್‌ಮೆಂಟ್ ಅಲ್ಲ ಸಾರ್. ಲೈಕು, ಕಮೆಂಟು."

ಪ್ರಫುಲ್ಲಾ ಹಣೆ ಒತ್ತಿಕೊಂಡಳು. "ಕೊನಿಯದ್ ಮೂರ್ ನೋಟಲ್ಲಿ ದನಿ ಬ್ಯಾರೆ ಅಣ್ಣಯ್ಯ. ಕಮೆಂಟ್ ಓದ್. ಜನರೇ ಬರ್ದಿದ್ರ್."

ಅವಳು ತನ್ನ ಮೊಬೈಲು ತೆಗೆದು ಒತ್ತಿದಳು. ಅದು ನಿಂತಿತು. ನಲವತ್ತಮೂರು ಗ್ರೂಪುಗಳ ಗುಲಾಬಿ ಹೂಗಳನ್ನು ಹೊಟ್ಟೆಗೆ ತುಂಬಿಕೊಂಡು ತಿಂಗಳಿಂದ ಅಜೀರ್ಣದಲ್ಲಿದ್ದ ಫೋನು.

"ಕೊಡಿ ಇಲ್ಲಿ," ಎಂದ ಪ್ರಖ್ಯಾತ್. "ಎರಡ್ ಮಿನಿಟ್. ಸ್ಟೋರೇಜ್ ಕ್ಲೀನ್ ಮಾಡಿ ಕೊಡ್ತೆ."

ಕೊಟ್ಟಳು. ಕೊಡದೆ ಏನು ಮಾಡುವುದು. ಅವನು ಅದನ್ನು ತನ್ನ ಲ್ಯಾಪ್‌ಟಾಪಿನ ಮುಂದೆ ಹಿಡಿದು ಏನೋ ತಿಕ್ಕಿ, ತೀಡಿ, ವಾಪಸ್ ಕೊಟ್ಟ. "ಈಗ ಗಾಳಿ ಹಂಗೆ ಓಡ್ತ್ ಕಾಣಿ."

ಓಡಿತು. ಕಮೆಂಟು ತೆರೆಯಿತು. 'ಬೆಳ್ಳಿಯಕ್ಕ ಯಾಕೊ ಡಲ್.' 'ಮಿಮಿಕ್ರಿ ಸಮ ಆಯ್ಲಿಲ್ಲೆ ಮಾರಾಯ.' 'ಮುದುಕಿ ಥರ ಕೇಂತಿಲ್ಲೆ.' ಅವಳು ಅಣ್ಣಯ್ಯನಿಗೆ ಓದಿ ಹೇಳುತ್ತಿದ್ದಂತೆಯೇ ಠಾಣೆಯ ಅಷ್ಟೂ ಫೋನುಗಳು ಒಟ್ಟಿಗೆ ಟಿಂಗ್ ಎಂದವು. ಲಾಕಪ್ಪಿನ ಹೊರಗೆ ಕಟ್ಟಿಟ್ಟಿದ್ದ ಯಾರದ್ದೋ ಫೋನು ಕೂಡ.

ಬೆಳ್ಳಿಯಕ್ಕನ ಪುಟ. ಈ ದಿನ ದನಿ ಇಲ್ಲ, ಬರಹ:

'ಆತ್ಮೀಯರೇ, ನನ್ನ ಚಿಕ್ಕಪ್ಪ ಮೊನ್ನೆ ಮುಂಬಯಿಯಲ್ಲಿ ತೀರಿಕೊಂಡರು. ನಮಗೆ ಸೂತಕ ಇರುವುದರಿಂದ ಹತ್ತು ದಿನ ಬೆಳ್ಳಿಯಕ್ಕ ಮಾತನಾಡುವುದಿಲ್ಲ. ಕ್ಷಮಿಸಿ. ನಿಮ್ಮ ಕೀರ್ತನ್.'

ಅಣ್ಣಯ್ಯ ಫೈಲು ಮುಚ್ಚಿದ. ಮುಖದಲ್ಲಿ ನಿಟ್ಟುಸಿರಿನ ಸಮಾಧಾನ. "ಆಯ್ತಲ್ಲ. ಕಾಣೆ ಅಲ್ಲ ಕಾಣಿ. ಸೂತಕ."

* * *

ಬೀಜಾಡಿಯ ಮನೆಯಂಗಳದಲ್ಲಿ ಪ್ರಭಾವತಿ ಕತ್ತಿಮಣೆಯ ಮುಂದೆ ಕುಳಿತು ಬಂಗುಡೆ ಕೊಯ್ಯುತ್ತಿದ್ದಳು. ಮಗ ಮನೆ ಬಿಟ್ಟಂದಿನಿಂದ ಅವಳು ದಿನಾ ಮೀನು ತರುತ್ತಾಳೆ, ಕೊಯ್ಯುತ್ತಾಳೆ, ಸಾರು ಮಾಡುತ್ತಾಳೆ, ಸಂಜೆ ಪಕ್ಕದ ಮನೆಗೆ ಕೊಡುತ್ತಾಳೆ. ಬಂದರೆ ಇರಲಿ ಎಂದು.

ಪ್ರಖ್ಯಾತ್ ಕಾರಿನಿಂದ ಇಳಿಯಲಿಲ್ಲ. ತನ್ನ ಕಾರಿನಲ್ಲೇ ಎಲ್ಲಿಗೆ ಬೇಕಾದರೂ ಬಿಡುತ್ತೇನೆ ಎಂದು ಠಾಣೆಯಿಂದ ಹತ್ತಿಸಿಕೊಂಡು ಬಂದವನು, ಈಗ ಕಿವಿಗೆ ಫೋನು ಹಚ್ಚಿಕೊಂಡು 'ರೀಚ್, ರೀಚ್' ಎನ್ನುತ್ತಿದ್ದ.

"ಎಂತ ಹೇಳ್ರ್?" ಎಂದಳು ಪ್ರಭಾವತಿ ತಲೆಯೆತ್ತದೆ.

"ಹಸ್ರ್ ಇತ್ತ್ ಅಂಬ್ರ್."

ಪ್ರಭಾವತಿ ಮೀನಿನ ತಲೆಯನ್ನು ಅಗತ್ಯಕ್ಕಿಂತ ಜೋರಾಗಿ ಕತ್ತರಿಸಿದಳು. ಆಮೇಲೆ ಕೈ ತೊಳೆದು ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದಳು. ಮೊಟ್ಟೆ ಇಡುವ ಸಾಲಿನಲ್ಲಿ ಮೂರು ಇನ್ಸುಲಿನ್ ಪೆನ್ನುಗಳು. ಕೀರ್ತನನಿಗೆ ಹದಿನಾರರಿಂದಲೇ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಸೂಜಿ, ಇಲ್ಲದಿದ್ದರೆ ಊಟವೇ ವಿಷ.

"ಹೋಪತಿಗೆ ಒಂದ್ ತಕಂಡ್ ಹೋಯ್ದ. ಒಂದ್ ಪೆನ್ ಹತ್ತ್ ದಿನ. ನಾಳಿಗ್ ಮುಗಿತ್."

"ಅಂಗ್ಡಿಯಗ್ ಸಿಕ್ಕುದಿಲ್ಯಾ?"

"ಅಂಗ್ಡಿಗ್ ಹೋಪೂಕೆ ಬಿಡ್ಕಲೆ ಯಾರಾರೂ." ಅವಳು ಫ್ರಿಜ್ಜು ಮುಚ್ಚಿದಳು. "ಹೋಪೂಕ್ ಆಪ್ ಹಂಗಿದ್ರೆ ನಂಗ್ ಒಂದ್ ಫೋನ್ ಮಾಡ್ತಿರ್ಲಿಲ್ಯಾ ಪ್ರಫುಲ್ಲಕ್ಕ? ಆರ್ ಲಕ್ಷ ಜನ್ರಿಗೆ ಗುಡ್ ಮಾರ್ನಿಂಗ್. ಹೆತ್ತ ಅಬ್ಬಿಗೆ ಇಲ್ಲೆ."

ಪ್ರಫುಲ್ಲಾ ಸಮಾಧಾನ ಹೇಳುವುದರಲ್ಲಿ ಯಾವತ್ತೂ ದಡ್ಡಿ. ಅದಕ್ಕೇ ಕೆಲಸದ ಮಾತಿಗೆ ಬಂದಳು. "ನಿಂಗಳಿಗೆ ಸೂತಕ ಅಲ್ದಾ? ಮೀನ್ ಕೊಯ್ತಾ ಇದ್ಯಲೆ?"

"ನಂಗ್ ಎಂತ ಸೂತಕ?"

"ಕೀರ್ತನನ ಚಿಕ್ಕಪ್ಪ ಹೋಯ್ರಂಬ್ರ್."

"ಹೋಯ್ರ್, ಪಾಪ. ನಮ್ಮನಿಯವ್ರೂ ಮುಂಬೈಯಲ್ಲೇ ಇದ್ರ್, ಹೋದ್ದ್ ಅವ್ರ ತಮ್ಮ ಅಲ್ದಾ, ಅವ್ರಿಗ್ ಸೂತಕ. ಒಬ್ಳೇ ತಾಯಿ ಮಕ್ಳ್. ನಂಗೂ ನನ್ನ ಮಗನಿಗೂ ಎಂತ? ನಾವ್ ಬ್ಯಾರೆ ಬಳಿ." ಅವಳು ಕಣ್ಣು ಕಿರಿದು ಮಾಡಿದಳು. "ಯಾಕೆ? ಯಾರ್ ಹೇಳದ್?"

ಪ್ರಫುಲ್ಲಾ ತನ್ನ ಫೋನಿನಲ್ಲಿ ಪೋಸ್ಟನ್ನು ತೋರಿಸಿದಳು. ಪ್ರಭಾವತಿ ಅದನ್ನು ಕಂಡಿರಲಿಲ್ಲ. ಅವಳ ಫೋನಿನ ನೆಟ್ಟು ಸದಾ ಬಂದ್. ಬೇಕಾದಾಗ ಮಾತ್ರ ನಲ್ಲಿ ತಿರುಗಿಸಿದಂತೆ ತಿರುಗಿಸಿ ಬಿಡುವುದು. ಅವಳು ಎರಡು ಸಲ ಓದಿದಳು.

"ಇದ್ ನನ್ನ ಮಗ ಬರ್ದದ್ದಲ್ಲ."

ಹೌದು. ಅದು ಪ್ರಫುಲ್ಲಾಳಿಗೆ ಠಾಣೆಯಲ್ಲೇ ಅರೆಬರೆ ಹೊಳೆದಿತ್ತು.

ಅವಳು ಟೆಲಿಫೋನ್ ಆಪರೇಟರಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಮುಂಬಯಿಯಿಂದ ಸಾವಿನ ಟ್ರಂಕ್ ಕಾಲ್ ಬಂದರೆ ಮೊದಲು ಯಾವ ಮನೆಗೆ ಸೇರಿಸಬೇಕು ಎನ್ನುವುದು ಆಪರೇಟರಿಗೇ ಬಿಟ್ಟ ವಿಷಯ. ಕೀರ್ತನನ ಮನೆಯಂಥ ಶೆಟ್ಟರ ಮನೆಗಳು ಅಳಿಯಕಟ್ಟು. ಕುಟುಂಬ ನಡೆಯುವುದು ತಾಯಿಯ ಕಡೆಯಿಂದ, ಗೋತ್ರದ ಹಾಗಿನ ಬಳಿ ಬರುವುದೂ ತಾಯಿಯಿಂದ. ಅಲ್ಲಿ ಸತ್ತವನ ಸೋದರಳಿಯನಿಗೆ ಮೊದಲು ಹೇಳಬೇಕು. ಕೋಟ, ಸಾಲಿಗ್ರಾಮದ ಭಟ್ಟರ ಮನೆಗಳು ಮಕ್ಕಳಕಟ್ಟು. ಅಲ್ಲಿ ಮಗನಿಗೆ, ಅಣ್ಣನ ಮಗನಿಗೆ. ಒಮ್ಮೆ ಅದಲುಬದಲು ಮಾಡಿ ಅವಳು ತಿಂದ ಬೈಗುಳ ಇನ್ನೂ ಕಿವಿಯಲ್ಲಿದೆ. ಸೂತಕ ಯಾವ ತಂತಿಯಲ್ಲಿ ಹರಿಯುತ್ತದೆ ಎನ್ನುವುದು ಅವಳಿಗೆ ಕಂಠಪಾಠ.

ಅಪ್ಪನ ತಮ್ಮ ಸತ್ತರೆ ಕೀರ್ತನನಿಗೆ ಸೂತಕವಿಲ್ಲ. ಅದು ಅವನಿಗೆ ಗೊತ್ತಿರದ ವಿಷಯವೂ ಅಲ್ಲ. ಬರೆದವನು, ಚಿಕ್ಕಪ್ಪ ಸತ್ತರೆ ಹತ್ತು ದಿನ ಎಂದು ಹುಟ್ಟಿನಿಂದ ಕಲಿತವನು. ತನ್ನ ಮನೆಯ ಸೂತಕವನ್ನು ಪಕ್ಕದ ಮನೆಗೆ ಹಂಚಿದವನು.

ಬೆಳ್ಳಿಯಕ್ಕನ ಪುಟದ ಪಾಸ್‌ವರ್ಡ್ ಕೀರ್ತನನನ್ನು ಬಿಟ್ಟರೆ ಇಬ್ಬರ ಬಳಿ. ಒಬ್ಬ ಮ್ಯಾನೇಜರ್ ಪ್ರಖ್ಯಾತ್. ಇನ್ನೊಬ್ಬ, ಬ್ರಹ್ಮಾವರದಲ್ಲಿ ಕುಳಿತು ದನಿ ತೊಳೆದು ತಿದ್ದುವ, ಸಾಲಿಗ್ರಾಮದ ಭಟ್ಟರ ಮನೆಯ ವೈಕುಂಠ.

ಅವಳು ಕಾರಿನತ್ತ ನೋಡಿದಳು. ಪ್ರಖ್ಯಾತ್ ಸೆಕೆ ತಾಳದೆ ಟೊಪ್ಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ತಿಂಗಳ ಹಿಂದೆ ಅವನ ಸೋದರಮಾವ ತೀರಿಕೊಂಡಾಗ ಕ್ರಿಯೆಗೆ ಕೂತವನು ಅವನೇ.

ಸೋದರಮಾವನಿಗೆ ತಲೆ ಕೊಟ್ಟವನು ಚಿಕ್ಕಪ್ಪನ ಸೂತಕದಲ್ಲಿ ಎಡವುವುದಿಲ್ಲ.

ಹಾಗಾದರೆ ಸಾಲಿಗ್ರಾಮದ ವೈಕುಂಠ.

"ಬ್ರಹ್ಮಾವರಕ್ಕೆ ಬಿಡ್ತ್ಯಾ ಪ್ರಖ್ಯಾತ?" ಎಂದಳು ಕಾರು ಹತ್ತುತ್ತಾ. "ವೈಕುಂಠನ ಹತ್ರ."

"ಅವ್ನ ಹತ್ರ ಎಂತ? ಬರೀ ಎಡಿಟರ್." ಟೊಪ್ಪಿ ತಲೆಗೇರಿತು. "ಆಯ್ತ್, ಹೋಪ. ನಿಮ್ಗಾಯಿ ಇದೆಲ್ಲ."

ಕೋಟೇಶ್ವರದಿಂದ ಬ್ರಹ್ಮಾವರದವರೆಗೆ ಅವನು ಅವಳಿಗೆ ಅಲ್ಗಾರಿದಮ್ ಎಂದರೇನು ಎಂದು ವಿವರಿಸಿದ. ತೆಕ್ಕಟ್ಟೆಗೆ ಬರುವಷ್ಟರಲ್ಲಿ ಅವಳಿಗೆ ಆಕಳಿಕೆ, ಕೋಟಕ್ಕೆ ಬರುವಷ್ಟರಲ್ಲಿ ತಲೆನೋವು, ಸಾಸ್ತಾನದ ಟೋಲ್ ಗೇಟಿಗೆ ಬರುವಷ್ಟರಲ್ಲಿ ಇವನೇ ಅಪರಾಧಿಯಾಗಿದ್ದರೆ ಎಷ್ಟು ಚೆಂದವಿತ್ತು ಎಂಬ ಆಸೆ.

* * *

ವೈಕುಂಠನ ಸ್ಟುಡಿಯೊ ಅಂದರೆ ಹೆಂಚಿನಂಗಡಿಯ ಮಹಡಿಯಲ್ಲಿ ಒಂದೇ ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದ, ಸದ್ದು ಹೀರಲಿ ಎಂದು. ಮೊಟ್ಟೆ ಮುಟ್ಟದ ಮನೆಯವನು ಇನ್ನೂರು ಮೊಟ್ಟೆ ಟ್ರೇಗಳ ನಡುವೆ ಕುಳಿತು ಅನ್ನ ಸಂಪಾದಿಸುತ್ತಿದ್ದ. ನಲವತ್ತರ ಆಸುಪಾಸು, ಕುತ್ತಿಗೆಯಲ್ಲಿ ಹೆಡ್‌ಫೋನು, ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು.

ಪ್ರಖ್ಯಾತ್ ಪಾರ್ಕಿಂಗ್ ಇಲ್ಲವೆಂದು ಕೆಳಗೇ ಉಳಿದಿದ್ದ.

"ಬನ್ನಿ ಪ್ರಫುಲ್ಲಕ್ಕ. ಕೂಕಣಿ. ಚಾ ತರ್ಸ್ಲಾ?"

"ಚಾ ಬ್ಯಾಡ. ಸೂತಕದ್ ಮನಿಯಗೆ ನಾನ್ ಎಂತದೂ ಕುಡಿತಿಲ್ಲೆ."

ವೈಕುಂಠ ನಗಲು ಹೋದ. ಅರ್ಧದಲ್ಲೇ ಕೈಬಿಟ್ಟ. "ನಮ್ಗೆ ಎಂತ ಸೂತಕ?"

"ಅದನ್ನೇ ಕೇಂಬುಕ್ ಬಂದದ್ದ್. ನಿಂಗೂ ಇಲ್ಲೆ, ಕೀರ್ತನನಿಗೂ ಇಲ್ಲೆ. ಮತ್ ಹತ್ತ್ ದಿನದ್ ಸೂತಕ ಯಾರದ್ದ್ ಮಾರಾಯ?"

"ಕೀರ್ತನನೇ ಹಾಕದ್ದ್ ಅದ್. ನಾನ್..."

"ಕೀರ್ತನ ಅಳಿಯಕಟ್ಟಿನ್ ಹೈದ. ಅಪ್ಪಯ್ಯನ ತಮ್ಮ ಹೋದ್ರೆ ಅವ್ನಿಗೆ ದುಃಖ ಬತ್ತ್, ಸೂತಕ ಬತ್ತಿಲ್ಲೆ. ನಿನ್ನ ಮನಿಯಗೆ ಬತ್ತ್. ಹತ್ತ್ ದಿನ, ಲೆಕ್ಕ ಸಮ ಇತ್ತ್. ಮನಿ ಮಾತ್ರ ತಪ್ಪಿತ್."

ವೈಕುಂಠನ ಕೈ ತಾನಾಗಿ ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತತೊಡಗಿತು.

"ಸುಳ್ಳ್ ಹೇಳೂಕೂ ಒಂದ್ ಓದ್ ಬೇಕ್ ವೈಕುಂಠ. ಹೈದ ಎಲ್ಲಿದ್ದ?"

"ಗೊತ್ತಿಲ್ಲೆ."

"ನಾಳಿಗೆ ಅವ್ನ ಔಷದಿ ಮುಗಿತ್. ಅವ್ನ ಅಬ್ಬಿ ಫ್ರಿಜ್ಜಿನ್ ಬಾಗ್ಲ್ ತೆಗ್ದ್ ತೆಗ್ದ್ ಕಾಂತಾ ಇದ್ಲ್. ಗೊತ್ತಿಲ್ಲೆ ಅಂದೇಳಿ ಇನ್ನೊಂದ್ಸಲ ಹೇಳ್. ಅಣ್ಣಯ್ಯನ ಹತ್ರ ಹೇಳುಕ್ ಕರ್ಕಂಡ್ ಹೋತೆ."

"ದೇವ್ರಾಣೆ ಗೊತ್ತಿಲ್ಲೆ ಪ್ರಫುಲ್ಲಕ್ಕ." ವಯರು ಬೆರಳಿನಿಂದ ಜಾರಿತು. "ಪೋಸ್ಟ್ ನಾನೇ ಹಾಕದ್ದ್. ಹೆದ್ರಿಕಿ ಆಯ್ತ್. ನಿಲ್ಸೂಕ್ ಒಂದ್ ನೆಪ ಬೇಕಿತ್ತ್. ಚಿಕ್ಕಪ್ಪ ಹೋದ ಸುದ್ದಿ ಗ್ರೂಪಲ್ಲಿ ಕಂಡೆ. ಹಾಕ್ದೆ."

"ಹೆದ್ರಿಕಿ ಆಯ್ತ್ ಅಂದೇಳಿ ಪೊಲೀಸಿಗ್ ಹೇಳೂದ್ ಬಿಟ್ ಸೂತಕ ಹಾಕ್ದ್ಯಾ?"

"ಹೇಳ್ರೆ ನನ್ನನ್ನೇ ಹಿಡಿತಿರ್ಲಿಲ್ಯಾ?"

ಪ್ರ‌ಫುಲ್ಲಾ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮೂರು ದೇವರ ಹೆಸರು ಹೇಳಿದಳು. ಮೂರೂ ಸಾಲಲಿಲ್ಲ. "ಮೊದ್ಲಿಂದ ಹೇಳ್."

ಮೊದಲಿಂದ ಹೇಳಿದ. ಪ್ರಖ್ಯಾತ್ ಎರಡು ತಿಂಗಳಿಂದ ಬೆಳ್ಳಿಯಕ್ಕನ ಹಳೆಯ ನೋಟುಗಳನ್ನೆಲ್ಲ ಕೊಡು ಎಂದು ಕೇಳುತ್ತಿದ್ದ, ನಾಲ್ಕುನೂರಕ್ಕೂ ಮೀರಿ. ಅವನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿದರೆ ಬೆಳ್ಳಿಯಕ್ಕ ತಾನಾಗಿ ಮಾತಾಡುತ್ತಾಳಂತೆ. ಯಾರ ಹೆಸರು ಟೈಪ್ ಮಾಡಿದರೂ ಅವರಿಗೆ ಬೈಯುತ್ತಾಳಂತೆ, ಮದುವೆ ಮನೆಗೆ, ಜಾಹೀರಾತಿಗೆ, ಹಗಲೂ ರಾತ್ರಿ. ಯಾವುದೋ ದೊಡ್ಡ ಕಂಪನಿ ಕೊಳ್ಳಲು ನಿಂತಿದೆ. ಬರುವ ಶನಿವಾರ ಸಹಿ.

"ಕೀರ್ತನ ಆಪ್ದಿಲ್ಲೆ ಅಂದ. 'ಆ ದನಿ ನಂದಲ್ಲ ವೈಕುಂಠಣ್ಣ, ನಾನ್ ಹ್ಯಾಂಗ್ ಮಾರುದ್? ಅದ್ರ ಯಜಮಾನ್ತಿ ಬ್ಯಾರೆ ಇದ್ರ್. ಅವ್ರನ್ ಕೇಂಡ್ಕಂಡ್ ಬತ್ತೆ' ಅಂದ. ಯಾರ್ ಅಂದೇಳಿ ಹೇಳ್ಲಿಲ್ಲೆ. ಐದ್ ನೋಟ್ ಮೊದ್ಲೇ ಮಾಡಿಟ್ಟಿದ್ದ. ದಿನಾ ಒಂದ್ ಬಿಡ್, ಪ್ರಖ್ಯಾತನಿಗ್ ಮಾತ್ರ ಹೇಳ್ಬ್ಯಾಡ ಅಂದ."

"ಐದ್. ಬಂದದ್ದ್ ಎಂಟ್."

"ಅದೇ ಅಲ್ದಾ." ಅವನು ದನಿ ತಗ್ಗಿಸಿದ. ಇನ್ನೂರು ಟ್ರೇಗಳ ನಡುವೆ ಅದರ ಅಗತ್ಯವೇನೂ ಇರಲಿಲ್ಲ. "ನಮ್ಮಿಬ್ರಿಗೆ ಮಾತ್ರ ಗೊತ್ತಿಪ್ಪ ಒಂದ್ ಫೋಲ್ಡರ್ ಇತ್ತ್. ಐದ್ ಮುಗ್ದ ಮ್ಯಾಲೆ ದಿನಾ ಬೆಳಿಗ್ಗೆ ಅದ್ರಗೆ ಒಂದೊಂದ್ ಹೊಸ್ತ್ ಬಂದ್ ಬೀಳೂಕ್ ಶುರು ಆಯ್ತ್. ಕೀರ್ತನನೇ ಮಾಡ್ ಕಳ್ಸಿದ್ದ ಅಂದ್ಕಂಡ್ ಹಾಕ್ದೆ. ಮೂರ್ ಹಾಕ್ದೆ. ಇವತ್ತ್ ಬಂದದ್ದನ್ ಮಾತ್ರ ಹಾಕೂಕ್ ಆಯ್ಲಿಲ್ಲೆ."

"ಕೇಣ್ಸ್."

ಅವನು ಹೆಡ್‌ಫೋನನ್ನು ಅವಳ ಕಿವಿಗೆ ಕೊಟ್ಟ.

ಎಷ್ಟೋ ವರ್ಷಗಳ ಮೇಲೆ ಕಿವಿಯ ಮೇಲೆ ಆ ಭಾರ. ತಲೆಯ ಎರಡೂ ಬದಿಗೆ ಒತ್ತುವ ಅದೇ ಬಿಗಿ. ಮೂವತ್ತು ಲೈನಿನ ಬೋರ್ಡಿನ ಮುಂದೆ, ಎತ್ತರದ ಸ್ಟೂಲಿನ ಮೇಲೆ ಕುಳಿತ ಹಾಗಾಯಿತು.

ಟಕ್. ಟಕ್. ಟಕ್.

ಬೆರಳಿನ ತುದಿಯಲ್ಲ, ಉಗುರು. ಆಮೇಲೆ ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ದೂರದಿಂದ, ಮಿಮಿಕ್ರಿಯಿಲ್ಲದ, ಒಣಗಿದ ಗಂಟಲಿನ ಕೀರ್ತನನದೇ ದನಿ: 'ವೈಕುಂಠಣ್ಣ, ಅಮ್ಮನಿಗೆ...' ಅಷ್ಟೆ. ಕತ್ತರಿಸಿತ್ತು.

"ಹಿಂದಿನ್ ಮೂರೂ ಹಾಕ್," ಎಂದಳು ಪ್ರಫುಲ್ಲಾ.

ಹಾಕಿದ. ಬೆಳ್ಳಿಯಕ್ಕ ಮಾತಾಡಿದಳು. ಫೋನಿನ ಚಪ್ಪಟೆ ಸ್ಪೀಕರಿನಲ್ಲಿ ಸತ್ತುಹೋಗಿದ್ದ ದನಿ ಹೆಡ್‌ಫೋನಿನಲ್ಲಿ ಎದ್ದು ಕುಳಿತಿತು. ಮೊದಲಿನ ಐದೂ ನಕಲು. ಕೊನೆಯ ಮೂರು ಅಸಲು. ಆರು ಲಕ್ಷ ಜನ ಅಸಲನ್ನು ಕೇಳಿ ನಕಲು ಸರಿಯಿಲ್ಲ ಎಂದು ಬೈದಿದ್ದರು.

ಸ್ನೇಹಲತಾ.

ಬೈಂದೂರು ಎಕ್ಸ್‌ಚೇಂಜಿನ ಸ್ನೇಹಲತಾ, ಈಗಲೂ ಬೈಂದೂರಲ್ಲೇ ಇರುವವಳು; ಕೀರ್ತನ್ ಕೇಳಲು ಹೋದ ಯಜಮಾನ್ತಿ ಇವಳೇ. ಆರು ವರ್ಷ ದಿನಾ ಮಾತಾಡಿದ್ದರು, ಮುಖ ನೋಡಿದ್ದು ಎರಡೇ ಸಲ. ಒಂದು ವರ್ಗಾವಣೆಯ ವಿಷಯಕ್ಕೆ ಮುನಿದು ಮಾತು ನಿಂತು ಮೂವತ್ತು ವರ್ಷ ದಾಟಿತ್ತು. ಮಾತಿಗೆ ಮುಂಚೆ ಮೌತ್‌ಪೀಸಿನ ಮೇಲೆ ಉಗುರು ಕುಟ್ಟುವುದು ಅವರಿಬ್ಬರೇ ಕಟ್ಟಿಕೊಂಡ ಗುಟ್ಟಿನ ಭಾಷೆ. ಎರಡು ಟಕ್ ಎಂದರೆ ಲೈನ್ ಕ್ಲಿಯರ್, ಮನಸು ಬಿಚ್ಚಿ ಮಾತಾಡು. ಮೂರು ಟಕ್ ಎಂದರೆ ನಡುವೆ ಯಾರೋ ಕದ್ದು ಕೇಳುತ್ತಿದ್ದಾರೆ, ಬಾಯಿ ಮುಚ್ಚು.

ಮೂರು ದಿನಗಳಿಂದ ಆ ಹೆಂಗಸು ಆರು ಲಕ್ಷ ಜನರ ಎದುರಿಗೇ, ಒಬ್ಬಳಿಗೆ ಮಾತ್ರ ತಿಳಿಯುವ ಹಾಗೆ ಕೂಗುತ್ತಿದ್ದಳು. ಆ ಒಬ್ಬಳು ಬೆಳಿಗ್ಗೆ ಚಹಾ ಕುಡಿಯುತ್ತಾ ಕೇಳಿ, ಕಿರಿಕಿರಿ ಎಂದು ಬದಿಗಿಟ್ಟಿದ್ದಳು.

"ಎಂತಾಯ್ತ್ ಪ್ರಫುಲ್ಲಕ್ಕ? ಯಾರದ್ ದನಿ?"

ಹೇಳಲು ತೆರೆದ ಬಾಯಿ ಅಲ್ಲೇ ಮುಚ್ಚಿತು. ಮೂರು ಟಕ್ ಕೇಳಿದ ಮೇಲೆ ಊರಿನ ಹೆಸರು, ಜನರ ಹೆಸರು ಬಾಯಿಂದ ಹೊರಡಬಾರದು. ಅಂದಿನ ನಿಯಮ ಅದು. ಆಗ ಚೀಟಿಯಲ್ಲಿ ಬರೆದು ದಾಟಿಸುತ್ತಿದ್ದರು.

ಅವಳು ಫೋನು ತೆಗೆದಳು. ಒಂದೇ ಬೆರಳಿನಲ್ಲಿ, ಅಕ್ಷರ ಅಕ್ಷರ ಹೆಕ್ಕಿ, ಪ್ರಭಾವತಿಗೆ ಟೈಪ್ ಮಾಡಿದಳು: 'ಹೈದ ಬೈಂದೂರಲ್ಲಿ ಇದ್ದ. ಇನ್ಸುಲಿನ್ ಐಸಲ್ಲಿ ಕಟ್ಟಿ ಇಡ್. ಯಾರಿಗೂ ಹೇಳ್ಬೇಡ.' ಕಳಿಸಿದಳು. ಬೂದು ಬಣ್ಣದ ಒಂದೇ ಗೀಟು ಬಂತು. ಪ್ರಭಾವತಿಯ ನೆಟ್ಟು ಬಂದ್. ಇರಲಿ, ಸಂಜೆಯೊಳಗೆ ತೆರೆದಾಳು. ಇಲ್ಲದಿದ್ದರೆ ದಾರಿಯಲ್ಲಿ ತಾನೇ ಹೋದರಾಯಿತು.

"ವೈಕುಂಠ, ಆ ಫೋಲ್ಡರಿಗೆ ನಾನೊಂದ್ ನೋಟ್ ಹಾಕೂಲಕ್ಕಾ?"

"ಹಾಕೂಲಕ್ಕ್. ಎಂತ ಹೇಳ್ತ್ರಿ?"

"ಎಂತದೂ ಹೇಳ್ತಿಲ್ಲೆ."

ಅವಳು ಮೈಕಿನ ಮೇಲೆ ಉಗುರಿನಿಂದ ಒಂದೇ ಒಂದು ಸಲ ಕುಟ್ಟಿದಳು. ಒಂದು ಟಕ್ ಎಂದರೆ ಪ್ರಶ್ನೆ: ಕದ್ದು ಕೇಳುವವನು ಯಾರ ಕಡೆ? ಉತ್ತರ ಒಂದು ಟಕ್ ಆದರೆ ನನ್ನ ಕಡೆ. ಎರಡಾದರೆ ನಿನ್ನ ಕಡೆ.

ವೈಕುಂಠ ಅವಳಿಗೆ ಸೆಕೆ ತಲೆಗೇರಿತೋ ಎಂಬಂತೆ ನೋಡಿ, ಹಾಕಿದ.

ಕಾದರು. ಕೆಳಗೆ ಹೆಂಚಿನ ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಟ್ರೇಗಳನ್ನೂ ದಾಟಿ ಬಂತು. ಗೋಡೆಯ ಫ್ಯಾನು ಅವಳತ್ತ ತಿರುಗಿತು, ಅವನತ್ತ ತಿರುಗಿತು. ಐದು ನಿಮಿಷ. ಏಳು. ಈ ಅವಸರದ ಕಾಲದಲ್ಲಿ ಅರ್ಧ ಗಂಟೆಯಷ್ಟು ಉದ್ದದ ಏಳು ನಿಮಿಷ.

ಪರದೆಯಲ್ಲಿ ಹೊಸ ಫೈಲು ಬಿತ್ತು. ಎರಡು ಸೆಕೆಂಡಿನದು.

ಪ್ರಫುಲ್ಲಾ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿದಳು.

ಟಕ್. ಟಕ್.

ನಿನ್ನ ಕಡೆ.

ಅವಳು ನಿಧಾನವಾಗಿ ವೈಕುಂಠನ ಮುಖ ನೋಡಿದಳು. ನಿದ್ದೆಗೆಟ್ಟ ಕಣ್ಣು, ಬೆವರಿದ ಮೇಲ್ತುಟಿ, ಏನೂ ಅರ್ಥವಾಗದ ಹೆದರಿಕೆ. ನಟನೆಯೇ? ಸೂತಕದ ಲೆಕ್ಕ ತಪ್ಪಿದವನಿಗೆ ಇಷ್ಟು ಚೆನ್ನಾಗಿ ನಟಿಸಲು ಬರುತ್ತದೆಯೇ? ಬೈಂದೂರಿನ ಹೆಸರನ್ನು ಇವನಿಗೂ ಹೇಳಿಲ್ಲ, ಸದ್ಯ.

ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲು ತೆರೆದು ಪ್ರಖ್ಯಾತ್ ಒಳಗೆ ಬಂದ. ಎರಡೂ ಕೈಯಲ್ಲಿ ಕೆತ್ತಿದ ಎಳನೀರು, ಕಂಕುಳಲ್ಲಿ ಲ್ಯಾಪ್‌ಟಾಪು, ಮುಖದ ತುಂಬ ಉಪಕಾರದ ನಗೆ.

"ಬೊಂಡ ಕುಡ್ದ್ಕಂಡ್ ಹೊರಡ್ವ ಪ್ರಫುಲ್ಲಕ್ಕ," ಎಂದ. "ಬೈಂದೂರಿಗೆ ಈಗ ಬಿಟ್ರೆ ಸಂಜಿಯೊಳಗ್ ಮುಟ್ಟೂಲಕ್ಕ್. ಇನ್ಸುಲಿನ್ ಎಂತಕ್ಕೆ ಐಸಲ್ಲಿ ಕಟ್ಟುದ್, ದಾರಿ ಮ್ಯಾಲೆ ಮೆಡಿಕಲಲ್ಲಿ ತಕಂಬ."

ಎಳನೀರು ತಣ್ಣಗಿತ್ತು. ಅವಳು ಅದನ್ನು ಒಂದು ಕೈಯಲ್ಲಿ ಹಿಡಿದಳು, ಬಾಯಿಗಿಡಲಿಲ್ಲ.

ಇನ್ನೊಂದು ಕೈಯಲ್ಲಿ ಬೆಳಿಗ್ಗೆ ಇವನೇ ಲ್ಯಾಪ್‌ಟಾಪಿನ ಮುಂದೆ ಹಿಡಿದು ತಿಕ್ಕಿ, ತೀಡಿ ಕೊಟ್ಟ ಫೋನು. ಪ್ರಭಾವತಿಗೆ ಕಳಿಸಿದ, ಅವಳಿಗಿನ್ನೂ ಮುಟ್ಟದ ಸಂದೇಶದ ಪಕ್ಕದಲ್ಲಿ ಇನ್ನೂ ಒಂದೇ ಗೀಟು.